ಕಲಾವಿದನ ಮೇಲೊಂದು ಕೊಲೆಯ ಆರೋಪ

(ಆಕಾಶವಾಣಿ ಭಾಷಣ)

ಕರ್ತೃ ಯಾರೆಂದು ತಿಳಿಯದ ಕೃತಿಯನ್ನು ಕಂಡರೆ ಮನುಷ್ಯನ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದರು. ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ವಿಗ್ರಹಗಳ ಪೀಠದ ಮೇಲೆಯೇ ಕೊರೆದಿದ್ದರೂ ಜನರ ಬಾಯಲ್ಲಿ ಉಳಿದದ್ದು ಜಕಣಾಚಾರಿಯ ಹೆಸರು. ಕರ್ನಾಟಕದಲ್ಲಿ ಎಲ್ಲಿ ಸುಂದರವಾದ ಕಲ್ಲಿನ ಗುಡಿ ಕಂಡರೂ ಅದು ಅವನದೇ. ಹಲವರ ದುಡಿಮೆಯನ್ನು ಒಬ್ಬನ ಹೆಸರಿಗೆ ಬರೆದು, ಆ ಒಬ್ಬನಿಗೊಂದು ಮನಕರಗಿಸುವ ಕಥೆಯನ್ನು ಕಟ್ಟಿಕೊಟ್ಟರೆ ನಮಗೆ ತೃಪ್ತಿ. ಸತ್ಕೃತಿಗೆ ಸಲ್ಲುವ ಈ ಮಾತು ದುಷ್ಕೃತ್ಯಕ್ಕೂ ಸಲ್ಲುತ್ತದೆ. ಕೊಂದವನು ಯಾರೆಂದು ತಿಳಿಯದಿದ್ದರೆ ಆ ತೆರವಿನ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಬೇಕು. ನಿಲ್ಲಿಸುವವನು ಪ್ರಸಿದ್ಧನಾಗಿದ್ದಷ್ಟೂ ಕಥೆಗೆ ಮೆರುಗು ಹೆಚ್ಚು.

ಇಂಗ್ಲೆಂಡಿನ ಚಿತ್ರಕಾರ ವಾಲ್ಟರ್ ಸಿಕರ್ಟನಿಗೆ ಒದಗಿದ ಗತಿ ಇದೇ. ಲಂಡನ್ ನಗರವನ್ನು 1888ರಲ್ಲಿ ನಡುಗಿಸಿದ, ‘ಜಾಕ್ ದಿ ರಿಪ್ಪರ್’ ಎಂಬ ಅಡ್ಡಹೆಸರಿನ ಅಜ್ಞಾತ ಕೊಲೆಗಾರ ಈತನೇ ಎಂಬ ವಾದ 1970ರ ದಶಕದಿಂದೀಚೆಗೆ ಬಗೆಬಗೆಯ ರೂಪಗಳಲ್ಲಿ ಹೊರಬಿದ್ದಿದೆ. ಆ ವಾದಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ತೂಗಿನೋಡುವುದು ಈ ಭಾಷಣದ ಉದ್ದೇಶ. ಶಿರಗುಪ್ಪಿಯಂಥ ಗಡಿಯೂರಿನಲ್ಲಿ ಕುಳಿತು ಲಂಡನ್ನಿನ ಹಳೆಯ ಕೊಲೆಗಳ ಉಸಾಬರಿ ಏಕೆಂದು ಕೇಳಬಹುದು. ಕವಿಯ ಕಾವ್ಯದಿಂದ ಕವಿಯ ಚರಿತ್ರೆಯನ್ನು ಹೆಕ್ಕುವುದು ಎಷ್ಟರಮಟ್ಟಿಗೆ ಸಾಧು ಎಂಬ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮೆಲ್ಲರದೂ ಹೌದು. ಆ ಪ್ರಶ್ನೆ ಇಷ್ಟು ನಿಷ್ಠುರವಾಗಿ ಎದುರಾಗುವ ಪ್ರಸಂಗ ಮತ್ತೊಂದಿಲ್ಲ.

ಮೊದಲು ಸಂಗತಿಗಳನ್ನು ನೋಡೋಣ. ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್ ಬಡವರ ಕೇರಿ. ಅಲ್ಲಿ 1888ರ ಆಗಸ್ಟ್ 31ರಂದು ಮೇರಿ ಆ್ಯನ್ ನಿಕೋಲ್ಸ್, ಸೆಪ್ಟೆಂಬರ್ 8ರಂದು ಆ್ಯನಿ ಚಾಪ್ಮನ್, ಸೆಪ್ಟೆಂಬರ್ 30ರ ಒಂದೇ ರಾತ್ರಿ ಎಲಿಜಬೆತ್ ಸ್ಟ್ರೈಡ್ ಮತ್ತು ಕ್ಯಾಥರಿನ್ ಎಡೋಸ್, ನವೆಂಬರ್ 9ರಂದು ಮೇರಿ ಜೇನ್ ಕೆಲ್ಲಿ—ಹೀಗೆ ಐವರು ಹೆಂಗಸರು ಕೊರಳು ಕೊಯ್ಯಲ್ಪಟ್ಟು ಸತ್ತರು. ಆ ಕಾಲದಲ್ಲಿ ಅಲ್ಲಿ ಬೇರೆ ಕೊಲೆಗಳೂ ನಡೆದಿದ್ದವು. ಒಬ್ಬನ ಕೈಯಿಂದಾದವು ಈ ಐದು ಎಂಬುದು ಬಹುಮಂದಿ ಒಪ್ಪುವ ಲೆಕ್ಕ. ಸೆಪ್ಟೆಂಬರ್ ಕೊನೆಯಲ್ಲಿ ಸುದ್ದಿಸಂಸ್ಥೆಯೊಂದಕ್ಕೆ ಕೆಂಪು ಶಾಯಿಯಲ್ಲಿ ಬರೆದ ಪತ್ರವೊಂದು ಬಂತು. ಅದರ ಕೆಳಗೆ ‘ಜಾಕ್ ದಿ ರಿಪ್ಪರ್’ ಎಂಬ ರುಜು ಇತ್ತು. ಆ ಹೆಸರು ಹುಟ್ಟಿದ್ದು ಹಾಗೆ. ಅದನ್ನು ಬರೆದವನು ಕೊಲೆಗಾರನಲ್ಲ, ಯಾವನೋ ಪತ್ರಕರ್ತ ಎಂದು ಅಂದಿನ ಪೊಲೀಸ್ ಅಧಿಕಾರಿಗಳೇ ಶಂಕಿಸಿದ್ದರು. ಪತ್ರ ಪ್ರಕಟವಾದ ಮೇಲೆ ಅದೇ ಹೆಸರಿನಲ್ಲಿ ನೂರಾರು ಪತ್ರಗಳು ಬಂದು ಬಿದ್ದವು. ಇಂಥ ಪತ್ರ ಬರೆದುದಕ್ಕಾಗಿ ಬ್ರಾಡ್‌ಫರ್ಡ್ ಪಟ್ಟಣದ ಯುವತಿಯೊಬ್ಬಳನ್ನು ಪೊಲೀಸರು ಹಿಡಿದದ್ದೂ ಉಂಟು. ಈ ಪತ್ರಗಳ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಕೊಲೆಗಾರ ಸಿಕ್ಕಲಿಲ್ಲ. ಪೊಲೀಸ್ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ 1894ರಲ್ಲಿ ಬರೆದಿಟ್ಟ ಟಿಪ್ಪಣಿಯಲ್ಲಿ ಡ್ರೂಯಿಟ್, ಕೊಸ್ಮಿನ್‌ಸ್ಕಿ, ಆಸ್ಟ್ರೋಗ್ ಎಂಬ ಮೂವರ ಹೆಸರುಗಳಿವೆ. ಸಿಕರ್ಟನ ಹೆಸರು ಅದರಲ್ಲಿಲ್ಲ. ಕೊಲೆಗಳು ನಡೆದಾಗಲಾಗಲಿ ಸಿಕರ್ಟ್ ಬದುಕಿದ್ದಷ್ಟು ಕಾಲವಾಗಲಿ ಯಾರೂ ಅವನತ್ತ ಬೊಟ್ಟು ಮಾಡಿರಲಿಲ್ಲ.

ಇನ್ನು ಆರೋಪಿಯ ಪರಿಚಯ. ವಾಲ್ಟರ್ ರಿಚರ್ಡ್ ಸಿಕರ್ಟ್ ಹುಟ್ಟಿದ್ದು 1860ರಲ್ಲಿ, ಜರ್ಮನಿಯ ಮ್ಯೂನಿಕ್ ನಗರದಲ್ಲಿ. ತಂದೆಯೂ ಅಜ್ಜನೂ ಚಿತ್ರಕಾರರು. ಎಂಟು ವರ್ಷದ ಹುಡುಗನಾಗಿದ್ದಾಗ ಕುಟುಂಬ ಇಂಗ್ಲೆಂಡಿಗೆ ಬಂದು ನೆಲಸಿತು. ಮೊದಲು ನಾಟಕದ ರಂಗದ ಮೇಲೆ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದ ಈತ ಆಮೇಲೆ ಪ್ರಸಿದ್ಧ ಚಿತ್ರಕಾರ ವಿಸ್ಲರನ ಶಿಷ್ಯನಾದ. ಪ್ಯಾರಿಸ್ಸಿನಲ್ಲಿ ದೆಗಾನ ಸ್ನೇಹ ದೊರೆಯಿತು. ಸಂಗೀತ ರಂಗಮಂದಿರಗಳ ಮಂದ ಬೆಳಕು, ಅಗ್ಗದ ಬಾಡಿಗೆ ಕೋಣೆಗಳು, ಕಬ್ಬಿಣದ ಮಂಚದ ಮೇಲೆ ಬೇಸತ್ತು ಬಿದ್ದುಕೊಂಡ ದೇಹಗಳು—ಇವು ಅವನ ಚಿತ್ರಗಳ ವಸ್ತು. ಆಗಿನ ಸಭ್ಯ ಕಲೆ ಕಣ್ಣೆತ್ತಿ ನೋಡದಿದ್ದ ಬದುಕನ್ನು ಅವನು ನೋಡಿದ. ಇಂಗ್ಲಿಷ್ ಚಿತ್ರಕಲೆ ಹತ್ತೊಂಬತ್ತನೆಯ ಶತಮಾನದ ಸವಿಚಿತ್ರಗಳಿಂದ ಬಿಡಿಸಿಕೊಂಡು ಆಧುನಿಕವಾಗುವಲ್ಲಿ ಅವನ ಪಾಲು ದೊಡ್ಡದು. ವರ್ಜೀನಿಯಾ ವುಲ್ಫ್ 1934ರಲ್ಲಿ ಅವನ ಚಿತ್ರಗಳನ್ನು ಕುರಿತೇ ಒಂದು ಪ್ರಬಂಧವನ್ನು ಪ್ರಕಟಿಸಿದಳು. 1942ರಲ್ಲಿ ಅವನು ತೀರಿಕೊಂಡಾಗ ಉಳಿದದ್ದು ದೊಡ್ಡ ಕಲಾವಿದನ ಕೀರ್ತಿ.

ಹಾಗಿದ್ದರೆ ಸಂಶಯಕ್ಕೆ ಆಸ್ಪದವೆಲ್ಲಿ? ಇದೆ, ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಸಿಕರ್ಟನಿಗೆ ಈ ಕೊಲೆಗಳ ವಿಷಯದಲ್ಲಿ ವಿಪರೀತ ಕುತೂಹಲವಿತ್ತು. ಲಂಡನ್ನಿನ ಮಾರ್ನಿಂಗ್ಟನ್ ಕ್ರೆಸೆಂಟಿನಲ್ಲಿ ಅವನು ಬಾಡಿಗೆಗಿದ್ದ ಮನೆಯೊಡತಿ, ಹಿಂದೆ ಅದೇ ಕೋಣೆಯಲ್ಲಿದ್ದ ಪಶುವೈದ್ಯ ವಿದ್ಯಾರ್ಥಿಯೊಬ್ಬನೇ ರಿಪ್ಪರ್ ಎಂದು ಹೇಳಿದಳಂತೆ. ಆ ಕಥೆಯನ್ನು ಅವನು ಗೆಳೆಯರಿಗೆಲ್ಲ ರಸವತ್ತಾಗಿ ಹೇಳುತ್ತಿದ್ದ. ಆ ವಿದ್ಯಾರ್ಥಿಯ ಹೆಸರನ್ನು ಕಸನೋವನ ಆತ್ಮಕಥೆಯ ಪ್ರತಿಯೊಂದರ ಅಂಚಿನಲ್ಲಿ ಗೀಚಿಟ್ಟಿದ್ದನೆಂದೂ ಆ ಪುಸ್ತಕ ಕಳೆದುಹೋಯಿತೆಂದೂ ಸಾಹಿತಿ ಆಸ್ಬರ್ಟ್ ಸಿಟ್ವೆಲ್ ಬರೆದಿದ್ದಾನೆ. 1907ರ ಸುಮಾರಿಗೆ ಸಿಕರ್ಟ್ ಆ ಕೋಣೆಯನ್ನೇ ಚಿತ್ರಿಸಿ ‘ಜಾಕ್ ದಿ ರಿಪ್ಪರನ ಮಲಗುವ ಕೋಣೆ’ ಎಂದು ಹೆಸರಿಟ್ಟ. ಚಿತ್ರ ಇಂದು ಮ್ಯಾಂಚೆಸ್ಟರಿನ ಕಲಾಶಾಲೆಯಲ್ಲಿದೆ. ಅದರಲ್ಲಿ ಕೊಲೆಯೂ ಇಲ್ಲ, ಕತ್ತಿಯೂ ಇಲ್ಲ. ಬಾಗಿಲಿನಾಚೆ ಒಂದು ಮಬ್ಬುಗತ್ತಲೆಯ ಕೋಣೆ, ಕಿಟಕಿಯಿಂದ ಸೋಸಿ ಬರುವ ಕಳೆಗುಂದಿದ ಬೆಳಕು. ಅಷ್ಟೇ.

ಎರಡನೆಯ ಸಂಗತಿ ಇನ್ನೂ ಕುತೂಹಲಕರವಾದದ್ದು. 1907ರ ಸೆಪ್ಟೆಂಬರಿನಲ್ಲಿ ಕ್ಯಾಮ್ಡನ್ ಟೌನ್ ಎಂಬ ಬಡಾವಣೆಯಲ್ಲಿ ಎಮಿಲಿ ಡಿಮೋಕ್ ಎಂಬ ಹೆಂಗಸಿನ ಕೊಲೆಯಾಯಿತು. ರಾಬರ್ಟ್ ವುಡ್ ಎಂಬ ಚಿತ್ರಕೆಲಸದ ಯುವಕನ ಮೇಲೆ ಮೊಕದ್ದಮೆ ನಡೆದು, ಆತ ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ದೋಷಿಯೆಂದು ಬಿಡುಗಡೆಯಾದ. ಆ ಬಡಾವಣೆಯಲ್ಲೇ ಕೆಲಸಮಾಡುತ್ತಿದ್ದ ಸಿಕರ್ಟ್ ಮುಂದಿನ ಒಂದೆರಡು ವರ್ಷಗಳಲ್ಲಿ ‘ಕ್ಯಾಮ್ಡನ್ ಟೌನ್ ಕೊಲೆ’ ಎಂಬ ಹೆಸರಿನ ಚಿತ್ರಗಳನ್ನು ಬರೆದ. ಅವುಗಳಲ್ಲೊಂದರಲ್ಲಿ ಮಂಚದ ಅಂಚಿನಲ್ಲಿ ಬಟ್ಟೆ ತೊಟ್ಟ ಗಂಡಸು ತಲೆ ತಗ್ಗಿಸಿ ಕೈಕೈ ಹೆಣೆದು ಕುಳಿತಿದ್ದಾನೆ. ಅವನ ಹಿಂದೆ ಬೆತ್ತಲೆ ಹೆಂಗಸು ಮುಖ ತಿರುಗಿಸಿ ಮಲಗಿದ್ದಾಳೆ. ಸತ್ತಿದ್ದಾಳೆಯೋ ನಿದ್ರಿಸುತ್ತಿದ್ದಾಳೆಯೋ ಹೇಳುವಂತಿಲ್ಲ. ಈ ಚಿತ್ರಕ್ಕೆ ಸಿಕರ್ಟನೇ ಇಟ್ಟ ಇನ್ನೊಂದು ಹೆಸರು ‘ಬಾಡಿಗೆಗೆ ಏನು ಮಾಡೋಣ?’ ಎಂಬುದು. ಮೊದಲ ಹೆಸರಿನಿಂದ ನೋಡಿದರೆ ಕೊಲೆಗಾರ ಮತ್ತು ಶವ. ಎರಡನೆಯ ಹೆಸರಿನಿಂದ ನೋಡಿದರೆ ದುಡ್ಡಿಲ್ಲದೆ ಕಂಗಾಲಾದ ಗಂಡ ಹೆಂಡಿರು. ಚಿತ್ರ ಒಂದೇ, ಶೀರ್ಷಿಕೆ ಬದಲಾದಾಗ ಬದಲಾಗುವುದು ನಮ್ಮ ಕಣ್ಣು. ಸಿಕರ್ಟ್ ಮಾಡಿ ತೋರಿಸಿದ್ದು ಇದನ್ನೇ ಎಂದು ನನ್ನ ಭಾವನೆ. ಅದೇ ಚಿತ್ರವನ್ನು ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ್ದು ವಿಪರ್ಯಾಸ.

ಈಗ ಆರೋಪಗಳಿಗೆ ಬರೋಣ. ಮುಖ್ಯವಾದವು ಮೂರು. ಮೊದಲನೆಯದು ಸ್ಟೀಫನ್ ನೈಟ್ ಎಂಬ ಪತ್ರಕರ್ತ 1976ರಲ್ಲಿ ಪ್ರಕಟಿಸಿದ ಪುಸ್ತಕ. ವಿಕ್ಟೋರಿಯಾ ರಾಣಿಯ ಮೊಮ್ಮಗ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗುಟ್ಟಾಗಿ ಕ್ಯಾಥೊಲಿಕ್ ಮತದ ಅಂಗಡಿಯ ಹುಡುಗಿಯನ್ನು ಮದುವೆಯಾದನೆಂದೂ, ಆ ಗುಟ್ಟನ್ನು ಬಲ್ಲ ಹೆಂಗಸರ ಬಾಯಿ ಮುಚ್ಚಿಸಲು ರಾಜವೈದ್ಯ ಸರ್ ವಿಲಿಯಂ ಗಲ್ ಈ ಕೊಲೆಗಳನ್ನು ಮಾಡಿದನೆಂದೂ, ಅವನಿಗೆ ನೆರವಾದವರಲ್ಲಿ ಸಿಕರ್ಟನೂ ಒಬ್ಬನೆಂದೂ ಅದರ ಕಥೆ. ಆಧಾರವೇನು? ತಾನು ಸಿಕರ್ಟನ ಮಗನೆಂದು ಹೇಳಿಕೊಂಡ ಜೋಸೆಫ್ ಗಾರ್ಮನ್ ಎಂಬಾತನ ಬಾಯಿಮಾತು. ಆ ಜೋಸೆಫನೇ 1978ರಲ್ಲಿ, ರಿಪ್ಪರನಿಗೆ ಸಂಬಂಧಿಸಿದ ಭಾಗ ತಾನು ಹೆಣೆದ ಕಟ್ಟುಕಥೆಯೆಂದು ಲಂಡನ್ನಿನ ಪತ್ರಿಕೆಯೊಂದರಲ್ಲಿ ಒಪ್ಪಿಕೊಂಡ. ಅದಿರಲಿ, ಗಲ್ ಮಹಾಶಯನಿಗೆ 1888ರಲ್ಲಿ ವಯಸ್ಸು ಎಪ್ಪತ್ತು ದಾಟಿತ್ತು. ಹಿಂದಿನ ವರ್ಷವಷ್ಟೇ ಪಾರ್ಶ್ವವಾಯು ಬಡಿದಿತ್ತು. ಆದರೂ ಆ ಕಥೆ ಚಿತ್ರಕಾದಂಬರಿಯಾಗಿ, 2001ರಲ್ಲಿ ಚಲನಚಿತ್ರವಾಗಿ ಲೋಕವನ್ನು ಸುತ್ತಿತು. ಹೇಳಿದವನೇ ಸುಳ್ಳೆಂದ ಮೇಲೂ ಕಥೆ ಸಾಯಲಿಲ್ಲ.

ಎರಡನೆಯದು 1990ರಲ್ಲಿ ಜೀನ್ ಓವರ್ಟನ್ ಫುಲ್ಲರ್ ಬರೆದ ಪುಸ್ತಕ. ಸಿಕರ್ಟನನ್ನು ಬಲ್ಲ ಕಲಾವಿದೆಯೊಬ್ಬಳು ತನ್ನ ತಾಯಿಗೆ ಹೇಳಿದ್ದ ಮಾತುಗಳು ಇದಕ್ಕೆ ಆಧಾರವೆಂದು ಆಕೆ ಹೇಳುತ್ತಾಳೆ. ಒಬ್ಬಳು ಹೇಳಿ, ಇನ್ನೊಬ್ಬಳು ಕೇಳಿ, ಮೂರನೆಯವಳು ದಶಕಗಳ ನಂತರ ಬರೆದ ಮಾತು ಇದು. ನಮ್ಮ ಹಸ್ತಪ್ರತಿಶಾಸ್ತ್ರದಲ್ಲಿ ಪ್ರತಿಯ ಪ್ರತಿಯ ಪ್ರತಿಗೆ ಎಷ್ಟು ಬೆಲೆ ಕೊಡುತ್ತೇವೆಯೋ ಅಷ್ಟು ಬೆಲೆ ಇದಕ್ಕೂ ಸಾಕು.

ಮೂರನೆಯದು ಹೆಚ್ಚು ಗಂಭೀರವಾದದ್ದು. ಅಮೆರಿಕದ ಪತ್ತೇದಾರಿ ಕಾದಂಬರಿಕಾರ್ತಿ ಪ್ಯಾಟ್ರಿಷಿಯಾ ಕಾರ್ನ್‌ವೆಲ್ 2002ರಲ್ಲಿ ಒಂದು ದೊಡ್ಡ ಪುಸ್ತಕ ಬರೆದು, ಅದರ ಹೆಸರಿನಲ್ಲೇ ಪ್ರಕರಣ ಮುಗಿಯಿತೆಂದು ಸಾರಿದಳು. 2017ರಲ್ಲಿ ಇನ್ನೊಂದು ಪುಸ್ತಕ ತಂದಳು. ಆಕೆ ತನ್ನ ಸ್ವಂತ ಹಣವನ್ನು ಧಾರಾಳವಾಗಿ ಸುರಿದು ಸಿಕರ್ಟನ ಹಲವಾರು ಚಿತ್ರಗಳನ್ನೂ ಪತ್ರಗಳನ್ನೂ ಕೊಂಡು, ವಿಜ್ಞಾನಿಗಳಿಂದ ಪರೀಕ್ಷೆ ಮಾಡಿಸಿದಳು. ಹಿಂದಿನ ಇಬ್ಬರಂತೆ ಕೇಳಿದ ಕಥೆಯನ್ನು ನೆಚ್ಚದೆ ವಸ್ತುಗಳನ್ನು ನೆಚ್ಚಿದ್ದು ಆಕೆಯ ಹೆಚ್ಚಳ. ಆದ್ದರಿಂದ ಆಕೆಯ ವಾದವನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಆಕೆಯ ಮೊದಲ ಸಾಕ್ಷಿ ಡಿಎನ್‌ಎ. ರಿಪ್ಪರನ ಹೆಸರಿನಲ್ಲಿ ಲಂಡನ್ ಆಸ್ಪತ್ರೆಯ ಡಾಕ್ಟರ್ ಓಪನ್‌ಶಾ ಅವರಿಗೆ 1888ರ ಅಕ್ಟೋಬರಿನಲ್ಲಿ ಬಂದ ಪತ್ರವೊಂದರಿಂದ ದೊರೆತ ಡಿಎನ್‌ಎ ಅಂಶಕ್ಕೂ ಸಿಕರ್ಟನ ಪತ್ರವ್ಯವಹಾರದಿಂದ ದೊರೆತ ಅಂಶಕ್ಕೂ ಹೊಂದಿಕೆ ಕಂಡಿತು. ಆದರೆ ಇದು ಮೈಟೊಕಾಂಡ್ರಿಯದ ಡಿಎನ್‌ಎ. ತಾಯಿಯಿಂದ ಎಲ್ಲ ಮಕ್ಕಳಿಗೂ ಒಂದೇ ತೆರನಾಗಿ ಬರುವ ಇದು ಒಬ್ಬ ವ್ಯಕ್ತಿಯನ್ನು ಗುರುತಿಸಲಾರದು. ಒಂದು ಗುಂಪನ್ನಷ್ಟೇ ಗುರುತಿಸುತ್ತದೆ. ಇಂಥ ಹೊಂದಿಕೆ ನೂರರಲ್ಲಿ ಒಬ್ಬನಿಂದ ಹತ್ತು ಜನರವರೆಗೆ ಇರಬಹುದೆಂದು ಲೆಕ್ಕ ಹಾಕಿದ್ದಾರೆ. ನೂರಕ್ಕೊಬ್ಬನೆಂದೇ ಇಟ್ಟುಕೊಳ್ಳೋಣ. 1891ರ ಜನಗಣತಿಯಲ್ಲಿ ಲಂಡನ್ ಕೌಂಟಿಯೊಂದರಲ್ಲೇ ಸುಮಾರು 42 ಲಕ್ಷ ಜನರಿದ್ದರು. ಅವರಲ್ಲಿ 42 ಸಾವಿರ ಜನಕ್ಕೆ ಇದು ಹೊಂದುತ್ತದೆ. ಸಾಲದೆಂಬಂತೆ, ಸಿಕರ್ಟನ ದೇಹವನ್ನು ದಹಿಸಿದ್ದರಿಂದ ಅವನದೇ ಎಂದು ನಿಶ್ಚಯವಾಗಿ ಹೇಳಬಹುದಾದ ಮಾದರಿಯೂ ಇಲ್ಲ. ನೂರಕ್ಕೂ ಮಿಕ್ಕ ವರ್ಷಗಳಲ್ಲಿ ಆ ಕಾಗದಗಳನ್ನು ಮುಟ್ಟಿದ ಕೈಗಳೆಷ್ಟೋ! ನಮ್ಮ ತರ್ಕಶಾಸ್ತ್ರದಲ್ಲಿ ಇದನ್ನು ಸವ್ಯಭಿಚಾರ ಹೇತು ಎನ್ನುತ್ತಾರೆ. ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದರೆ ಬೆಂಕಿಯಿಲ್ಲದ ಕಡೆ ಹೊಗೆ ಇರಬಾರದು. ಬೆಂಕಿಯಿಲ್ಲದ ನಲವತ್ತು ಸಾವಿರ ಮನೆಗಳಲ್ಲೂ ಕಾಣುವ ಹೊಗೆಯಿಂದ ಏನನ್ನು ಸಾಧಿಸಲಾದೀತು?

ಎರಡನೆಯ ಸಾಕ್ಷಿ ಕಾಗದ. ನನ್ನ ದೃಷ್ಟಿಯಲ್ಲಿ ಇದೇ ಆಕೆಯ ವಾದದ ಗಟ್ಟಿಯಾದ ಭಾಗ. ಕಾಗದದ ಇತಿಹಾಸವನ್ನು ಬಲ್ಲ ಪೀಟರ್ ಬೋವರ್ ಎಂಬ ತಜ್ಞರು, ಸಿಕರ್ಟನ ಕೆಲವು ಪತ್ರಗಳೂ ರಿಪ್ಪರನ ಹೆಸರಿನ ಎರಡು ಪತ್ರಗಳೂ ಇಪ್ಪತ್ತನಾಲ್ಕು ಹಾಳೆಗಳ ಒಂದೇ ದಸ್ತಿಗೆ ಸೇರಿದವೆಂದು ನೀರಚ್ಚು ಮತ್ತು ಅಂಚಿನ ಕತ್ತರಿಯ ಗುರುತುಗಳಿಂದ ತೀರ್ಮಾನಿಸಿದರು. ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ. ನಾಟಕದ ಹುಚ್ಚಿದ್ದ, ವೇಷಭೂಷಣಗಳಲ್ಲಿ ಆಸಕ್ತಿಯಿದ್ದ, ಕೊಲೆಯ ಕಥೆಗಳನ್ನು ರಸವತ್ತಾಗಿ ಹೇಳುತ್ತಿದ್ದ ಸಿಕರ್ಟ್ ಒಂದೆರಡು ಹುಸಿಪತ್ರಗಳನ್ನು ಬರೆದು ಅಂಚೆಗೆ ಹಾಕಿದ್ದಿರಬಹುದು. ಹಾಗೆ ಮಾಡಿದ್ದರೆ ಅದು ಹೇಯವಾದ ಕೃತ್ಯವೇ. ಆದರೆ ಪತ್ರ ಬರೆದವನೇ ಕೊಂದವನು ಎಂಬ ಮುಂದಿನ ಹೆಜ್ಜೆಗೆ ಸೇತುವೆ ಎಲ್ಲಿದೆ? ಪತ್ರಗಳು ನೂರಾರು, ಅವುಗಳಲ್ಲಿ ಒಂದಾದರೂ ಕೊಲೆಗಾರನದೆಂದು ಸಿದ್ಧವಾಗಿಲ್ಲ. ಬ್ರಾಡ್‌ಫರ್ಡಿನ ಆ ಯುವತಿಯೂ ಪತ್ರ ಬರೆದವಳೇ. ಆಕೆ ಲಂಡನ್ನಿನಲ್ಲಿ ಕೊಲೆ ಮಾಡಿದಳೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಸಿಕರ್ಟನ ವಿಷಯದಲ್ಲಿ ಮಾತ್ರ ಏಕೆ ನಗುವುದಿಲ್ಲ?

ಮೂರನೆಯದಾಗಿ, ಬಾಲ್ಯದಲ್ಲಿ ಸಿಕರ್ಟನಿಗೆ ಆದ ಶಸ್ತ್ರಚಿಕಿತ್ಸೆಗಳಿಂದ ಅವನು ದಾಂಪತ್ಯಕ್ಕೆ ಅಸಮರ್ಥನಾಗಿ, ಆ ಕಹಿಯಿಂದ ಹೆಂಗಸರನ್ನು ದ್ವೇಷಿಸಿದನೆಂಬ ವಾದವಿದೆ. ಮೂರು ಸಲ ಮದುವೆಯಾದ, ಪರಸ್ತ್ರೀಸಂಗಕ್ಕಾಗಿಯೇ ಮೊದಲ ಹೆಂಡತಿಯಿಂದ ವಿಚ್ಛೇದನಕ್ಕೊಳಗಾದ ಮನುಷ್ಯನ ಮೇಲೆ ಈ ಊಹೆ ಹೊಂದುವುದಿಲ್ಲ. ಇದನ್ನು ಇಲ್ಲಿಗೇ ಬಿಡಬಹುದು.

ಇನ್ನು ಪ್ರತಿವಾದಿಯ ಪಕ್ಷ. 1888ರ ಬೇಸಗೆಯ ಕೊನೆಯಲ್ಲಿ ಸಿಕರ್ಟ್ ಇದ್ದದ್ದೆಲ್ಲಿ? ಅವನ ತಾಯಿ ಸೆಪ್ಟೆಂಬರ್ 6ರಂದು ಫ್ರಾನ್ಸಿನ ಕಡಲತೀರದ ಊರೊಂದರಿಂದ ಬರೆದ ಪತ್ರದಲ್ಲಿ, ವಾಲ್ಟರನೂ ಅವನ ತಮ್ಮನೂ ಈಜುತ್ತ ಚಿತ್ರ ಬರೆಯುತ್ತ ಅಲ್ಲಿ ಸುಖವಾಗಿದ್ದಾರೆಂದು ತಿಳಿಸಿದ್ದಾಳೆ. ಸೆಪ್ಟೆಂಬರ್ 16ರಂದು ಅವನನ್ನು ಅಲ್ಲಿ ಕಂಡುದಾಗಿ ಫ್ರೆಂಚ್ ಚಿತ್ರಕಾರ ಬ್ಲಾಂಶ್ ಬರೆದಿದ್ದಾನೆ. ಗಂಡ ಕೆಲವು ವಾರಗಳಿಂದ ಫ್ರಾನ್ಸಿನಲ್ಲಿದ್ದಾನೆಂದು ಸೆಪ್ಟೆಂಬರ್ 21ರಂದು ಹೆಂಡತಿ ಎಲೆನ್ ಬರೆದಿದ್ದಾಳೆ. ಸಿಕರ್ಟನ ಸಮಗ್ರ ಜೀವನಚರಿತ್ರೆಯನ್ನು 2005ರಲ್ಲಿ ಪ್ರಕಟಿಸಿದ ಮ್ಯಾಥ್ಯೂ ಸ್ಟರ್ಜಿಸ್ ಇವೆಲ್ಲವನ್ನೂ ಕೂಡಿಸಿ, ಐದರಲ್ಲಿ ನಾಲ್ಕು ಕೊಲೆಗಳು ನಡೆದಾಗ ಅವನು ಲಂಡನ್ನಿನಲ್ಲಿ ಇದ್ದಿರಲಾರನೆಂದು ಅಭಿಪ್ರಾಯಪಡುತ್ತಾನೆ. ಈ ಪತ್ರಗಳು ದಿನದಿನದ ಹಾಜರಿ ಪುಸ್ತಕವಲ್ಲ, ನಿಜ. ಹಡಗಿನಲ್ಲಿ ರಾತ್ರಿ ಬಂದು ಕೊಂದು ಮರಳಿ ಹೋಗಿರಬಾರದೇಕೆ ಎಂದು ಕಾರ್ನ್‌ವೆಲ್ ಪಕ್ಷದವರು ಕೇಳಬಹುದು. ಹೋಗಿರಬಹುದು, ಆದರೆ ‘ಇರಬಹುದು’ ಎಂಬುದು ಸಾಕ್ಷಿಯಲ್ಲ. ಆ ಪತ್ರಗಳನ್ನು ಬರೆದವರಿಗೆ ಸುಳ್ಳು ಹೇಳುವ ಕಾರಣವಿರಲಿಲ್ಲ. ಮುಂದೊಂದು ದಿನ ಅವು ಸಾಕ್ಷಿಯಾಗುತ್ತವೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಅರಿಯದೆ ನುಡಿದ ಸಾಕ್ಷಿಗೆ ಅದರದೇ ಆದ ತೂಕವಿದೆ. ಶಾಸನಗಳನ್ನು ಓದುವವರು ಇದನ್ನು ಬಲ್ಲರು.

ಹೀಗೆ ವಸ್ತುಸಾಕ್ಷಿಗಳು ಸಡಿಲವಾದ ಮೇಲೆ ಉಳಿಯುವುದು ಚಿತ್ರಗಳು ಮಾತ್ರ. ಇಂಥ ಚಿತ್ರ ಬರೆದವನ ಮನಸ್ಸು ಎಂಥದಿರಬೇಕು ಎಂಬ ಪ್ರಶ್ನೆಯೇ ಈ ಆರೋಪಗಳ ಜೀವಾಳ. ಇಲ್ಲಿ ಕನ್ನಡ ಸಾಹಿತ್ಯವನ್ನು ಓದಿದವರು ಉತ್ತರಿಸಬಲ್ಲರು. ಜನ್ನ 1209ರಲ್ಲಿ ಯಶೋಧರಚರಿತೆಯನ್ನು ಬರೆದ. ಗಂಡನಿಗೂ ಅತ್ತೆಗೂ ವಿಷವಿಕ್ಕುವ ಅಮೃತಮತಿಯ ಅಂತರಂಗವನ್ನು ಅವನು ಹೊಕ್ಕು ನೋಡಿದ್ದಾನೆ. ಚಂಡಮಾರಿಯ ಗುಡಿಯ ಬೀಭತ್ಸವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾನೆ. ಜನ್ನ ವಿಷವಿಕ್ಕಿದನೆಂದು ಯಾರೂ ಹೇಳಿಲ್ಲ. ದುಶ್ಶಾಸನನ ರಕ್ತವನ್ನು ಭೀಮ ಕುಡಿಯುವ ಪ್ರಸಂಗವನ್ನು ಹಾಡಿದ ಕುಮಾರವ್ಯಾಸನನ್ನು ಗದುಗಿನ ವೀರನಾರಾಯಣನ ಭಕ್ತನೆಂದೇ ನಾವು ಕೊಂಡಾಡುತ್ತೇವೆ. ನಮ್ಮ ಸುರಪುರದಲ್ಲಿ ಮುಂದೆ ಆಡಳಿತ ನಡೆಸಿದ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಠಕ್ಕನೊಬ್ಬ ತಾನು ಮಾಡಿದ ಕೊಲೆಗಳನ್ನೆಲ್ಲ ಉತ್ತಮ ಪುರುಷದಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ಟೇಲರನೇ ಠಕ್ಕನೆಂದು ಯಾರೂ ಶಂಕಿಸಲಿಲ್ಲ. ನವರಸಗಳಲ್ಲಿ ಭಯಾನಕಕ್ಕೂ ಬೀಭತ್ಸಕ್ಕೂ ಸ್ಥಾನ ಕೊಟ್ಟ ನಮ್ಮ ಹಿರಿಯರು, ಆ ರಸಗಳನ್ನು ಸೃಷ್ಟಿಸುವವನಿಗೆ ಬೇಕಾದದ್ದು ಪ್ರತಿಭೆಯೆಂದರು. ಕವಿ ಕಂಡದ್ದನ್ನೆಲ್ಲ ಮಾಡಿದವನಲ್ಲ. ಕಾಣಬಲ್ಲವನಾದ್ದರಿಂದಲೇ ಅವನು ಕವಿ.

ಕೊಲೆಯ ಆರೋಪವನ್ನು ಹೊತ್ತ ಮಹಾಕವಿ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಕಲ್ಯಾಣದ ಬಿಜ್ಜಳನ ಆಳಿಕೆ 1167-68ರ ಸುಮಾರಿಗೆ ಮುಗಿಯಿತು. ಅವನ ಕೊನೆಯನ್ನು ಕುರಿತು ಎರಡು ಪರಂಪರೆಗಳು ಎರಡು ಕಥೆಗಳನ್ನು ಹೇಳುತ್ತವೆ. ಹದಿನೇಳನೆಯ ಶತಮಾನದ ಜೈನಕವಿ ಧರಣಿಪಂಡಿತನ ಬಿಜ್ಜಳರಾಯಚರಿತೆಯ ಪ್ರಕಾರ, ಬಿಜ್ಜಳ ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುವಾಗ ಭೀಮಾತೀರದಲ್ಲಿ ಬಸವಣ್ಣ ವಿಷದ ಹಣ್ಣನ್ನು ಕಳುಹಿಸಿ ಕೊಲ್ಲಿಸಿದ. ವೀರಶೈವ ಪುರಾಣಗಳ ಪ್ರಕಾರ, ಹರಳಯ್ಯ ಮಧುವಯ್ಯರಿಗಾದ ಘೋರ ಶಿಕ್ಷೆಗೆ ಪ್ರತಿಯಾಗಿ ಜಗದೇವ ಬೊಮ್ಮಯ್ಯರು ಕೊಂದರು. ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣದ ಕಾಲ 1584. ಎಂದರೆ ಎರಡೂ ಬರೆಹಗಳು ಘಟನೆಯಿಂದ ನಾಲ್ಕು ಶತಮಾನಗಳಾಚೆಯವು. ಎರಡೂ ತಮ್ಮ ತಮ್ಮ ಮತದ ಅಭಿಮಾನದಿಂದ ಹುಟ್ಟಿದವು. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವೊಂದಿದೆ. ಬಸವಣ್ಣನ ಹೆಸರನ್ನೂ ವಂಶವನ್ನೂ ಹೇಳುವ ಹಳೆಯ ದಾಖಲೆಗಳಲ್ಲಿ ಅದು ಬೆಲೆಯುಳ್ಳದ್ದು. ಘಟನೆಗೆ ಒಂದು ಶತಮಾನದೊಳಗಿನ ಆ ಕಲ್ಲು ಅವನನ್ನು ಗೌರವದಿಂದ ನೆನೆಯುತ್ತದೆ. ದಯೆಯನ್ನು ಧರ್ಮದ ಮೂಲವೆಂದ ವಚನಕಾರ ವಿಷದ ಹಣ್ಣನ್ನು ಕಳುಹಿಸಿರಲಾರನೆಂದು ಹೇಳುವುದು ಸುಲಭ. ಹೃದಯಕ್ಕೆ ಹಿತವೂ ಹೌದು. ಆದರೆ ನಾನು ಆ ವಾದವನ್ನು ಹೂಡುವುದಿಲ್ಲ. ಚಿತ್ರದಿಂದ ಸಿಕರ್ಟನ ಅಪರಾಧ ಸಿದ್ಧವಾಗದಿದ್ದರೆ ವಚನದಿಂದ ಯಾರ ನಿರಪರಾಧವೂ ಸಿದ್ಧವಾಗದು. ನ್ಯಾಯದ ತಕ್ಕಡಿ ನಮಗೆ ಬೇಕಾದವರಿಗೊಂದು ಬೇಡಾದವರಿಗೊಂದು ಆಗಲಾರದು. ಬಸವಣ್ಣನ ಮೇಲಿನ ಆರೋಪ ಬೀಳುವುದು ಆಧಾರವಿಲ್ಲದ್ದರಿಂದ. ಸಿಕರ್ಟನ ಮೇಲಿನ ಆರೋಪ ಬೀಳಬೇಕಾದದ್ದೂ ಅದೇ ಕಾರಣದಿಂದ.

ಸತ್ತವನಿಗೆ ಇದರಿಂದ ಏನು ನಷ್ಟವೆಂದು ಕೇಳುವವರಿದ್ದಾರೆ. ಸಿಕರ್ಟನಿಗೆ ನಷ್ಟವಿಲ್ಲದಿರಬಹುದು, ನೋಡುವ ನಮಗೆ ಇದೆ. ಇಂದು ಅವನ ಹೆಸರು ಹೇಳಿದರೆ ಹಲವರಿಗೆ ಮೊದಲು ನೆನಪಾಗುವುದು ಕತ್ತಿ. ಆ ಮೇಲೆ ಅವನ ಚಿತ್ರದ ಮುಂದೆ ನಿಂತವರು ಬಣ್ಣವನ್ನೂ ಬೆಳಕನ್ನೂ ನೋಡುವುದಿಲ್ಲ, ಸುಳಿವುಗಳನ್ನು ಹುಡುಕುತ್ತಾರೆ. ಇದು ಲಂಡನ್ನಿನ ಜಾಡ್ಯ ಮಾತ್ರವಲ್ಲ. ನಮ್ಮ ಕೃಷ್ಣಾತೀರದ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದರೆ, ಹೊಗೆ ಆರುವ ಮುನ್ನವೇ ಕಟ್ಟೆಯ ಮೇಲೆ ಒಂದು ಹೆಸರು ಹೊರಡುತ್ತದೆ. ಬಹುಮಟ್ಟಿಗೆ ಅದು ಒಂಟಿಯಾಗಿರುವವನ ಹೆಸರು, ಇಲ್ಲವೆ ಊರಿಗೆ ಒಗ್ಗದವನ ಹೆಸರು. ಸಂಜೆಗೆ ಆ ಮಾತು ಮಿರಜಿನ ಪೇಟೆಯನ್ನು ಮುಟ್ಟಿರುತ್ತದೆ. ಬೆಂಕಿಗೆ ವಿದ್ಯುತ್ ತಂತಿ ಕಾರಣವೆಂದು ಆಮೇಲೆ ತಿಳಿದರೂ ಹೆಸರಿಗೆ ಅಂಟಿದ ಮಸಿ ಹೋಗುವುದಿಲ್ಲ. ವೈಟ್‌ಚಾಪೆಲ್ಲಿನಲ್ಲೂ ಹಾಗೆಯೇ ಆಯಿತು: ಅನುಮಾನ ಮೊದಲು ಬಿದ್ದದ್ದು ಪೋಲೆಂಡು ರಷ್ಯಗಳಿಂದ ಓಡಿಬಂದ ಬಡ ಯಹೂದಿಗಳ ಮೇಲೆ. ಅವರ ಸರದಿ ಮುಗಿದ ಮೇಲೆ ವೈದ್ಯರು, ರಾಜಕುಮಾರ, ಕಲಾವಿದ ಹೀಗೆ ಹೆಸರುಗಳು ಬೆಳೆಯುತ್ತ ಹೋಗಿ ಇಂದು ನೂರನ್ನು ಮೀರಿವೆ. ಅವರಲ್ಲಿ ತಪ್ಪಿತಸ್ಥ ಒಬ್ಬನಿದ್ದರೂ ಉಳಿದವರೆಲ್ಲ ನಿರಪರಾಧಿಗಳು ಎಂಬ ಸರಳ ಲೆಕ್ಕವನ್ನು ನಾವು ಹಾಕುವುದಿಲ್ಲ.

ಕೊಲೆಗಾರನ ಹೆಸರಿಗಾಗಿ ಇಷ್ಟೊಂದು ಪುಸ್ತಕಗಳು ಬಂದವು. ಸತ್ತವರ ಬದುಕನ್ನೇ ವಸ್ತುವಾಗಿಸಿಕೊಂಡು ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ ಬರೆದ ಪುಸ್ತಕ ಬಂದದ್ದು 2019ರಲ್ಲಿ. ನಿಕೋಲ್ಸ್ ಕಮ್ಮಾರನ ಮಗಳು, ಮುದ್ರಣಾಲಯದ ಕೆಲಸಗಾರನ ಹೆಂಡತಿ, ಐದು ಮಕ್ಕಳ ತಾಯಿ. ಚಾಪ್ಮನ್ ಗಾಡಿ ಹೊಡೆಯುವವನ ಹೆಂಡತಿ. ಸ್ಟ್ರೈಡ್ ಸ್ವೀಡನ್ನಿನಿಂದ ಹೊಟ್ಟೆಪಾಡಿಗೆ ಬಂದವಳು. ಎಡೋಸ್ ಸಾಯುವ ಮುನ್ನ ಹಳ್ಳಿಗಾಡಿನಲ್ಲಿ ಸುಗ್ಗಿಯ ಕೂಲಿಗೆ ಹೋಗಿ ಬಂದವಳು. ಕೆಲ್ಲಿಗೆ ಇಪ್ಪತ್ತೈದರ ಆಸುಪಾಸು. ಈ ಐವರಲ್ಲಿ ಮೂವರು ದೇಹ ಮಾರಿ ಬದುಕುತ್ತಿದ್ದರೆಂಬುದಕ್ಕೆ ಆಧಾರವೇ ಇಲ್ಲವೆಂದು ಆಕೆ ವಾದಿಸುತ್ತಾಳೆ. ಆಧಾರವಿಲ್ಲದೆ ಹೆಸರು ಕೆಡಿಸುವ ಕೆಲಸ ಮೊದಲು ನಡೆದದ್ದು ಇವರ ಮೇಲೆ. ಕಲಾವಿದನ ಸರದಿ ಬಂದದ್ದು ಬಹಳ ತಡವಾಗಿ.

ನಾನು ತಲುಪುವ ತೀರ್ಮಾನ ಇಷ್ಟು. ಸಿಕರ್ಟ್ ರಿಪ್ಪರನ ಹೆಸರಿನಲ್ಲಿ ಒಂದೆರಡು ಹುಸಿಪತ್ರ ಬರೆದಿರುವುದು ಸಾಧ್ಯ; ಸಿದ್ಧವಲ್ಲ. ಅವನು ಕೊಂದನೆಂಬುದು ಸಿದ್ಧವೂ ಅಲ್ಲ, ಸಂಭಾವ್ಯವೂ ಅಲ್ಲ. ಕೊಲೆಗಾರನ ಹೆಸರು ಬರೆಯಬೇಕಾದ ಜಾಗವನ್ನು ತೆರವಾಗಿಯೇ ಬಿಡಬೇಕು. ತಾಡವಾಲೆಯ ಗ್ರಂಥ ಸಂಪಾದಿಸುವವನು ಹುಳು ತಿಂದ ಅಕ್ಷರದ ಸ್ಥಾನದಲ್ಲಿ 'ಇಲ್ಲಿ ಗ್ರಂಥಪಾತವಿದೆ' ಎಂದು ಬರೆಯುತ್ತಾನೆಯೇ ಹೊರತು ತನಗೆ ತೋಚಿದ ಪದ್ಯವನ್ನು ಸೇರಿಸುವುದಿಲ್ಲ. ಆ ಸಂಯಮ ಚರಿತ್ರೆಗೂ ಬೇಕು.

ಅಂದು ರಾತ್ರಿ ನಿಕೋಲ್ಸ್ ಬೀದಿಯಲ್ಲಿದ್ದದ್ದು ಏಕೆಂಬುದಕ್ಕೆ ಮಾತ್ರ ಯಾವ ಸಂಶೋಧನೆಯೂ ಬೇಕಾಗಿಲ್ಲ. ತಂಗುಮನೆಯ ಹಾಸಿಗೆಗೆ ಕೊಡಬೇಕಾಗಿದ್ದ ನಾಲ್ಕು ಪೆನ್ನಿ ಅವಳ ಹತ್ತಿರ ಇರಲಿಲ್ಲ. ಅದಕ್ಕಾಗಿ ಅವಳನ್ನು ಹೊರಗೆ ಕಳುಹಿಸಿದ್ದರು. ಸಿಕರ್ಟ್ ಇಪ್ಪತ್ತು ವರ್ಷಗಳ ನಂತರ ತನ್ನ ಚಿತ್ರಕ್ಕೆ ಇಟ್ಟ ಎರಡನೆಯ ಹೆಸರಿನಲ್ಲಿ ಕೇಳಿದ್ದು ಆ ಬಾಡಿಗೆಯ ಪ್ರಶ್ನೆಯನ್ನೇ. ಅದಕ್ಕೆ ಉತ್ತರ ಹೇಳಬೇಕಾಗಿದ್ದವರು ಪೊಲೀಸರೂ ಅಲ್ಲ, ಪತ್ತೇದಾರರೂ ಅಲ್ಲ.